ರೈನ್‌ಕೋಟ್ ಹಾಕಿದರೂ ಒಳಗೆ ಒದ್ದೆ: ದೋಷ ಎಲ್ಲಿದೆ ಅಂತ ಪತ್ತೆ ಹಚ್ಚುವ ಕೈಪಿಡಿ

ಜೂನ್ ಕಳೆದು ಜುಲೈ ಬಂತೆಂದರೆ ಒಂದು ದೂರು ಎಲ್ಲ ಕಡೆ ಕೇಳಿಸುತ್ತದೆ. ನಾಲ್ಕೈದು ಸಾವಿರ ಕೊಟ್ಟು ತಂದ ಜಾಕೆಟ್. ಮಲೆನಾಡಿನ ಮಳೆಯಲ್ಲಿ ಒಂದು ಗಂಟೆ ನಡೆದರೆ ಒಳಗಿನ ಅಂಗಿ ಹಿಂಡುವಷ್ಟು ಒದ್ದೆ. ಅಂಗಡಿಗೆ ಹೋಗಿ ಕೇಳಿದರೆ ಉತ್ತರ ರೆಡಿ ಇರುತ್ತದೆ: "ಇದು 5,000 ಮಿ.ಮೀ. ಸಾರ್, ನಿಮಗೆ 10,000ದ್ದು ಬೇಕು." ಅದನ್ನೂ ತಗೊಂಡಾಯಿತು. ಮತ್ತೆ ಒದ್ದೆ. ಈಗ 20,000ದ್ದು ಹುಡುಕುತ್ತಿದ್ದಾರೆ.

ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅಂತ ಹೇಳುವ ಆ ನಂಬರ್ ಬಟ್ಟೆಗೆ ಸೇರಿದ್ದು, ಇಡೀ ಜಾಕೆಟ್ಟಿಗಲ್ಲ. ನೀರು ಬಟ್ಟೆಯನ್ನೇ ದಾಟಿ ಬಂದಿದೆ ಅಂತ ಖಾತ್ರಿ ಆಗುವ ತನಕ ನಂಬರ್ ಏರಿಸುವುದು ಸುಮ್ನೆ ದುಡ್ಡು ದಂಡ. ಘಟ್ಟದ ಮಳೆಯಲ್ಲಿ ಬಟ್ಟೆಯೇ ಸೋರುವುದು ಅಪರೂಪ. ಅದಕ್ಕೆ ಮೊದಲು ಬೆವರು ಇದೆ, ಕುತ್ತಿಗೆ ಮತ್ತು ತೋಳಿನ ಬಾಯಿಗಳಿವೆ, ಹೊಲಿಗೆ ಇದೆ, ಜಿಪ್ ಇದೆ. ಯಾವುದು ನಿಮ್ಮ ಕೇಸು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಯಾವ ಹವೆಗೆ ಯಾವ ಜಾಕೆಟ್ ಅನ್ನುವ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಒದ್ದೆಯ ಗುರುತು ಓದುವುದು

ಮನೆಗೆ ಬಂದ ಕೂಡಲೇ ಜಾಕೆಟ್ ಕಿತ್ತೆಸೆಯಬೇಡಿ. ಒಳಗಿನ ಅಂಗಿಯಲ್ಲಿ ಎಲ್ಲಿ ಒದ್ದೆ ಆಗಿದೆ ಅಂತ ನೋಡಿ. ತಿಳಿ ಬೂದು ಬಣ್ಣದ ಹತ್ತಿ ಟೀ ಶರ್ಟ್ ಹಾಕಿದ್ದರೆ ಇನ್ನೂ ಒಳ್ಳೆಯದು. ಒಂದು ಹನಿ ಬಿದ್ದರೂ ಅದರಲ್ಲಿ ಗಾಢ ಕಲೆ ಕಾಣುತ್ತದೆ.

ಬೆನ್ನು, ಕಂಕುಳು, ಮೊಣಕೈಯ ಒಳಭಾಗ ಎಲ್ಲ ಒಂದೇ ಸಮನಾಗಿ ತೇವವಾಗಿದ್ದು, ಅದೂ ಏರು ಹತ್ತಿದ ಮೇಲೆ ಆಗಿದ್ದರೆ, ಬೆವರು ಅಂತ ಮುಕ್ಕಾಲು ಪಾಲು ಹೇಳಿಬಿಡಬಹುದು. ಕುತ್ತಿಗೆಯಿಂದ ಎದೆಗೆ ತಣ್ಣಗೆ ಒಂದು ಗೆರೆ ಇಳಿದಿದ್ದರೆ ಕಾಲರ್ ಕಡೆ ನೋಡಿ. ಮಣಿಕಟ್ಟಿನಿಂದ ಮೊಣಕೈವರೆಗೆ ಮಾತ್ರ ಒದ್ದೆ ಆಗಿದ್ದರೆ ನೀವು ಕೈ ಮೇಲೆತ್ತಿ ಏನೋ ಹಿಡಿದಿದ್ದಿರಿ: ಛತ್ರಿ, ಫೋನ್, ಇಲ್ಲವೇ ಕೊಂಬೆ. ಭುಜದ ಮೇಲೆ ಎರಡು ಪಟ್ಟಿ ಇದ್ದರೆ ಬ್ಯಾಗಿನ ಪಟ್ಟಿ ಅಥವಾ ಅದರ ಕೆಳಗಿನ ಹೊಲಿಗೆ. ಹೊಟ್ಟೆಯ ನಡುವೆ ಮೇಲಿಂದ ಕೆಳಗೆ ನೆಟ್ಟಗೆ ಇದ್ದರೆ ಜಿಪ್. ಅಂಗಿಯ ಕೆಳ ಅಂಚಿನಿಂದ ಮೇಲಕ್ಕೆ ಒದ್ದೆ ಏರಿದ್ದರೆ ಜಾಕೆಟ್ಟಿನ ತಪ್ಪೇ ಇಲ್ಲ. ಅಂಗಿ ಜಾಕೆಟ್ಟಿಗಿಂತ ಉದ್ದ ಇದೆ. ಹೊರಗೆ ಇಣುಕಿದ ಹತ್ತಿ ಬಟ್ಟೆ ನೀರು ಹೀರಿ ಮೇಲಕ್ಕೆ ಎಳೆದುಕೊಂಡಿದೆ. ಇದು ತುಂಬಾ ಜನರ ಕೇಸು, ಯಾರೂ ಗಮನಿಸುವುದಿಲ್ಲ.

ನಾಲಗೆಗೆ ಹಚ್ಚಿ ಉಪ್ಪಿದೆಯಾ ನೋಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಜಾಕೆಟ್ಟಿನ ಒಳಗೆ ಹನಿಗಟ್ಟಿದ ನೀರು ಬೆವರಿನ ಆವಿಯಿಂದ ಬಂದದ್ದು, ಅದರಲ್ಲಿ ಉಪ್ಪಿರುವುದಿಲ್ಲ. ಆದ್ದರಿಂದ ಆ ಪರೀಕ್ಷೆಯನ್ನು ನಂಬಬೇಡಿ.

ಬಾತ್‌ರೂಮ್ ಪರೀಕ್ಷೆ

ಬೆವರೋ ಮಳೆಯೋ ಅನ್ನುವ ಜಗಳ ಬಗೆಹರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಣಗಿದ ಬೂದು ಟೀ ಶರ್ಟ್ ಹಾಕಿ, ಮೇಲೆ ಜಾಕೆಟ್ ಹಾಕಿ, ಜಿಪ್ ಕುತ್ತಿಗೆವರೆಗೆ ಎಳೆದು, ತೋಳಿನ ಪಟ್ಟಿ ಬಿಗಿದು, ಟೋಪಿ ಏರಿಸಿ ಷವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ತಣ್ಣೀರೇ ಇರಲಿ. ಬಿಸಿನೀರಾದರೆ ಹಬೆ ಒಳಗೆ ಹೋಗಿ ಪರೀಕ್ಷೆ ಕೆಡುತ್ತದೆ. ಕೈ ಕೆಳಗೆ ಬಿಟ್ಟು ಅಲ್ಲಾಡದೆ ನಿಲ್ಲಬೇಕು. ಷವರ್ ಇಲ್ಲದವರು ಮನೆಯವರಿಗೆ ಹೇಳಿ ಪೈಪಿನಿಂದ ನೀರು ಬಿಡಿಸಿಕೊಳ್ಳಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ, ಆದರೆ ಹತ್ತು ನಿಮಿಷಕ್ಕೆ ನಿಲ್ಲಿಸುವುದಿಲ್ಲ.

ಸುಮ್ಮನೆ ನಿಂತಾಗ ಬೆವರು ತೀರಾ ಕಡಿಮೆ. ಆದ್ದರಿಂದ ಟೀ ಶರ್ಟ್ ಮೇಲೆ ಗಾಢ ಕಲೆ ಬಂದರೆ ಅದು ಹೊರಗಿನ ನೀರು. ಕಲೆ ಇರುವ ಜಾಗವೇ ದೋಷದ ಜಾಗ. ಕಲೆಯೇ ಇಲ್ಲ, ಆದರೂ ಬೆಟ್ಟದಲ್ಲಿ ಒದ್ದೆ ಆಗುತ್ತೀರಿ ಅಂದರೆ ಜಾಕೆಟ್ ಸೋರುತ್ತಿಲ್ಲ. ಮುಂದಿನ ಭಾಗ ನಿಮಗಾಗಿಯೇ.

ಒಂದು ವೇಳೆ ಇನ್ನೂ ಅನುಮಾನ ಇದ್ದರೆ ಮುಂದಿನ ನಡಿಗೆಯಲ್ಲಿ ಒಂದು ಕೈಗೆ ಉದ್ದನೆಯ ಪ್ಲಾಸ್ಟಿಕ್ ಕವರ್ ಹಾಕಿ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದು, ಮೇಲೆ ಜಾಕೆಟ್ ತೊಡಿ. ಕವರ್ ಒಳಗೆ ಒದ್ದೆ ಆದರೆ ಬೆವರು. ಕವರ್ ಮತ್ತು ಜಾಕೆಟ್ಟಿನ ನಡುವೆ ನೀರಿದ್ದರೆ ಸೋರಿಕೆ. ನೋಡುವವರು ನಗುತ್ತಾರೆ, ಇರಲಿ.

ಬೆವರಿನ ಕೇಸು

ಇದು ದೊಡ್ಡ ವಿಷಯ, ಸ್ವಲ್ಪ ಸಮಯ ಕೊಡೋಣ.

ನೀರು ತಡೆಯುವ ಬಟ್ಟೆಯೊಳಗೆ ಬೆವರುವ ದೂರಿಗೆ ಇನ್ನೂರು ವರ್ಷ ವಯಸ್ಸು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಯ ನಡುವೆ ರಬ್ಬರ್ ಮೆತ್ತಿ ಪೇಟೆಂಟ್ ಪಡೆದ. ಮಳೆ ನಿಂತಿತು, ಬೆವರು ಒಳಗೇ ಉಳಿಯಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುವ ಪೊರೆ ಸಿಕ್ಕಿತು. ಗೋರ್‌ಟೆಕ್ಸ್ ಅನ್ನುವ ಜಾಕೆಟ್ ಬಟ್ಟೆ ಹುಟ್ಟಿದ್ದು ಅದರಿಂದ. ನೀರಿನ ಹನಿ ಆ ರಂಧ್ರದಲ್ಲಿ ಹೋಗಲಾರದು, ಆವಿ ಹೋಗಬಲ್ಲದು. ಇವತ್ತು ಉಸಿರಾಡುವ ಜಾಕೆಟ್ ಅಂತ ಮಾರುವ ಎಲ್ಲದರ ಮೂಲ ವಿಚಾರ ಇಷ್ಟೇ: ಹನಿಯನ್ನು ತಡೆ, ಆವಿಯನ್ನು ಬಿಡು. ಕೆಲವದರಲ್ಲಿ ಟೆಫ್ಲಾನ್ ಬದಲು ಪಾಲಿಯುರೇಥೇನ್ ಅನ್ನುವ ಪ್ಲಾಸ್ಟಿಕ್ಕಿನ ಪದರ ಇರುತ್ತದೆ.

ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಆವಿಯ ಒತ್ತಡ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ಚರ್ಮದ ಬಿಸಿ ಸುಮಾರು 33 ಡಿಗ್ರಿ. ಅಲ್ಲಿ ಬೆವರು ತುಂಬಿದಾಗ ಆವಿಯ ಒತ್ತಡ ಹೆಚ್ಚುಕಡಿಮೆ 5 ಕಿಲೋಪ್ಯಾಸ್ಕಲ್. ಹಿಮಾಲಯದಲ್ಲಿ 0 ಡಿಗ್ರಿ ಇದ್ದಾಗ ಹೊರಗಿನ ಗಾಳಿ ಪೂರ್ತಿ ತೇವದಿಂದ ತುಂಬಿದ್ದರೂ ಒತ್ತಡ 0.6 ಮಾತ್ರ. ಒಳಗಿನಿಂದ ಹೊರಗೆ ತಳ್ಳುವ ಬಲ 4.4. ಈಗ ಆಗುಂಬೆಗೆ ಬನ್ನಿ. ಜುಲೈನಲ್ಲಿ 23 ಡಿಗ್ರಿ, ಗಾಳಿ ತೇವದಿಂದ ಉಕ್ಕುತ್ತಿದೆ, ಹೊರಗಿನ ಒತ್ತಡವೇ 2.8. ಉಳಿಯುವ ಬಲ 2.2. ಅಂದರೆ ಅರ್ಧ. ಮಂಗಳೂರಿನ ಕಡೆ 27 ಡಿಗ್ರಿಯ ಮಳೆಯಲ್ಲಿ ಹೊರಗಿನ ಒತ್ತಡ 3.5ರ ಹತ್ತಿರ ಇರುತ್ತದೆ. ಅಲ್ಲಿ ಉಳಿಯುವುದು ಮೂರನೇ ಒಂದು ಭಾಗ.

ಅಮೆರಿಕದ ಸಿಯಾಟಲ್‌ನಲ್ಲಿರುವ ಅಣ್ಣ ಪ್ರೀತಿಯಿಂದ ತಂದುಕೊಟ್ಟ ದುಬಾರಿ ಜಾಕೆಟ್ ಇಲ್ಲಿ ಕೈಕೊಡುವುದು ಇದಕ್ಕೇ. ಅಲ್ಲಿನ ಚಳಿಗಾಲದ ಮಳೆ 5ರಿಂದ 10 ಡಿಗ್ರಿಯದು. ಜಾಕೆಟ್ ಅದೇ, ಪೊರೆ ಅದೇ, ಹೊರಗಿನ ಗಾಳಿ ಬೇರೆ.

ಲೇಬಲ್ ಮೇಲಿನ ಇನ್ನೊಂದು ನಂಬರನ್ನೂ ಇಲ್ಲೇ ನೋಡಿಬಿಡೋಣ. 10,000 ಗ್ರಾಂ ಅಂತ ಬರೆದಿದ್ದರೆ, ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಅಷ್ಟು ಆವಿ ದಾಟುತ್ತದೆ ಅಂತ ಅರ್ಥ. ಗಂಟೆಗೆ ಸುಮಾರು 417 ಗ್ರಾಂ ಆಯಿತು. ಬೆನ್ನಿಗೆ ಬ್ಯಾಗ್ ಹೊತ್ತು ಏರು ಹತ್ತುವವರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರುವುದು ಮಾಮೂಲು. ಲ್ಯಾಬ್‌ನಲ್ಲಿ ಎಲ್ಲ ಅನುಕೂಲ ಇದ್ದಾಗಲೇ ಲೆಕ್ಕ ಇಷ್ಟು ಬಿಗಿ. ಅದರ ಮೇಲೆ ಪರೀಕ್ಷೆಯ ವಿಧಾನಗಳೂ ಬೇರೆ ಬೇರೆ. ಕೆಲವದರಲ್ಲಿ ಬಟ್ಟೆಯ ಇನ್ನೊಂದು ಕಡೆ ತೇವ ಹೀರುವ ರಾಸಾಯನಿಕ ಇಟ್ಟು ಅಳೆಯುತ್ತಾರೆ, ನಂಬರ್ ಸಹಜವಾಗಿ ದೊಡ್ಡದು ಬರುತ್ತದೆ. ಒಂದು ಕಂಪನಿಯ 10,000ವನ್ನು ಇನ್ನೊಂದರ 15,000ದ ಜೊತೆ ಹೋಲಿಸುವುದು ಅರ್ಥವಿಲ್ಲದ ಕೆಲಸ.

ಮತ್ತೆ, ಮಳೆ ಬಿದ್ದು ಜಾಕೆಟ್ಟಿನ ಬಟ್ಟೆ ತಣ್ಣಗಾಗಿರುತ್ತದೆ. ಒಳಗಿನ ಬಿಸಿ ಆವಿ ಆ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ, ಫ್ರಿಜ್‌ನಿಂದ ತೆಗೆದ ಚೊಂಬಿನ ಹೊರಮೈ ಒದ್ದೆ ಆಗುವ ಹಾಗೆ. ಕೈಯಿಂದ ಒಳಮೈ ಸವರಿದಾಗ ಸಿಗುವ ನೀರು ಇದು. ಇದನ್ನೇ ಸೋರಿಕೆ ಅಂತ ತಿಳಿದು ಜಾಕೆಟ್ ವಾಪಸ್ ಕೊಡಲು ಹೋಗುವವರು ಬಹಳ.

ಪರಿಹಾರ ಏನು? ಘಟ್ಟದ ಬೆಚ್ಚನೆಯ ಮಳೆಯಲ್ಲಿ ಪೊರೆಯನ್ನು ನೆಚ್ಚಿಕೊಳ್ಳುವ ಬದಲು ಗಾಳಿಗೆ ದಾರಿ ಕೊಡಿ. ಕಂಕುಳ ಕೆಳಗೆ ಜಿಪ್ ಇರುವ ಜಾಕೆಟ್ ಆಗಬಹುದು. ತಲೆಯ ಮೇಲಿಂದ ಹೊದೆಯುವ, ತೋಳಿಲ್ಲದ ಸಡಿಲವಾದ ಪಾಂಚೋ ಇನ್ನೂ ಒಳ್ಳೆಯದು. ಬೀಸುಗಾಳಿ ಇಲ್ಲದ ಕಾಡುದಾರಿಯಲ್ಲಿ ಛತ್ರಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಸಾವಿರಗಟ್ಟಲೆ ಬೆಲೆಯ ಪೊರೆಗಿಂತ ಕೊಡೆಯ ಕೆಳಗೆ ಗಾಳಿ ಹೆಚ್ಚು ಆಡುತ್ತದೆ. ಮಲೆನಾಡಿನ ಗದ್ದೆಗಳಲ್ಲಿ ನಾಟಿ ಮಾಡುವವರು ಹೊದೆಯುತ್ತಿದ್ದ ಗೊರಬನ್ನು ನೋಡಿದ್ದೀರಲ್ವಾ? ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿದ್ದು. ತಲೆಯಿಂದ ಬೆನ್ನಿನ ಕೆಳಗಿನ ತನಕ ಮುಚ್ಚುತ್ತದೆ, ಮುಂಭಾಗ ಪೂರ್ತಿ ತೆರೆದಿರುತ್ತದೆ. ಬಗ್ಗಿ ಕೆಲಸ ಮಾಡುವವರಿಗೆ ಮಳೆ ಬೀಳುವುದು ಬೆನ್ನಿಗೆ, ಬೆವರು ಹೋಗಬೇಕಾದದ್ದು ಎದೆಯ ಕಡೆಯಿಂದ. ಈ ಹವೆಗೆ ಅದಕ್ಕಿಂತ ಲೆಕ್ಕಾಚಾರದ ವಿನ್ಯಾಸ ಅಂಗಡಿಯಲ್ಲಿ ಕಾಣುವುದು ಕಷ್ಟ. ಟ್ರೆಕ್ಕಿಂಗ್‌ಗೆ ಹೊತ್ತು ಹೋಗಲು ಆಗುವುದಿಲ್ಲ ಅನ್ನುವುದೊಂದೇ ಕೊರತೆ.

ಕಂಬಳಿ ಕೊಪ್ಪೆಯದು ಬೇರೆ ಲೆಕ್ಕ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸುವುದಿಲ್ಲ, ಹೀರುವಾಗ ಒಂದಿಷ್ಟು ಬಿಸಿಯನ್ನೂ ಬಿಡುತ್ತದೆ. ಭಾರ ಮಾತ್ರ ಕೇಳಬೇಡಿ.

ಒಳಗೆ ಏನು ಹಾಕುತ್ತೀರಿ ಅನ್ನುವುದೂ ಮುಖ್ಯ. ಹತ್ತಿ ಬನಿಯನ್ ಮೇಲೆ ಹತ್ತಿ ಟೀ ಶರ್ಟ್, ಅದರ ಮೇಲೆ ಜಾಕೆಟ್ ಅಂದರೆ ಬೆವರಿಗೆ ಎರಡು ಸ್ಪಂಜು ಕೊಟ್ಟ ಹಾಗಾಯಿತು. ತೆಳುವಾದ ಒಂದು ಪಾಲಿಯೆಸ್ಟರ್ ಟೀ ಶರ್ಟ್ ಸಾಕು. ಏರು ಶುರುವಾಗುವ ಮೊದಲೇ ಒಂದು ಪದರ ತೆಗೆಯಿರಿ. ಬೆವರು ಬಂದ ಮೇಲೆ ತೆಗೆದರೆ ತಡವಾಯಿತು.

ಮೇಲ್ಬಟ್ಟೆ ನೀರು ಕುಡಿದಾಗ

ಹೊಸ ಜಾಕೆಟ್ ಮೇಲೆ ನೀರು ಮುತ್ತಿನಂತೆ ಉರುಳಿ ಬೀಳುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಅದೇ ಜಾಕೆಟ್ ಭುಜದ ಮೇಲೆ, ಮುಂಗೈ ಮೇಲೆ ನೀರು ಕುಡಿದು ಕಪ್ಪಾಗುತ್ತದೆ. ನೀರು ಉರುಳಿಸುವ ಆ ಗುಣ ಹೊರಗಿನ ಬಟ್ಟೆಗೆ ಹಚ್ಚಿದ ತೆಳುವಾದ ಲೇಪದ್ದು. ಅದು ಸವೆದಿದೆ, ಇಲ್ಲವೇ ಕೊಳೆ ಕೂತು ಕೆಲಸ ನಿಲ್ಲಿಸಿದೆ.

ಇಲ್ಲಿ ಸ್ವಲ್ಪ ಗೊಂದಲ ಆಗುತ್ತದೆ. ಒಳಗಿನ ಪೊರೆ ಚೆನ್ನಾಗಿಯೇ ಇದೆ, ಮಳೆನೀರು ಒಳಗೆ ಬರುತ್ತಿಲ್ಲ. ಆದರೆ ಹೊರಗೆ ನೀರಿನ ಪದರ ಕೂತು ಬಟ್ಟೆ ತಣ್ಣಗಾಗಿದೆ, ಆವಿ ಹೋಗುವ ದಾರಿ ಮುಚ್ಚಿದೆ. ಒಳಗೆ ಬೆವರು ಹನಿಗಟ್ಟುತ್ತದೆ. ಹಾಕಿಕೊಂಡವರಿಗೆ ಅದು ನೂರಕ್ಕೆ ನೂರು ಸೋರಿಕೆಯೇ ಅನಿಸುತ್ತದೆ. ನಲ್ಲಿ ಕೆಳಗೆ ತೋಳು ಹಿಡಿದು ನೋಡಿ. ಹನಿ ಉರುಳಿದರೆ ಲೇಪ ಸರಿ ಇದೆ. ಹರಡಿ ಕಪ್ಪು ಮಚ್ಚೆ ಆದರೆ ಲೇಪ ಹೋಗಿದೆ.

ಸರಿಪಡಿಸುವುದು ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಒಗೆಯಬೇಕು. ಮಾಮೂಲಿ ಸೋಪಿನ ಪುಡಿ ಬೇಡ. ಅದರ ಅಂಶ ಬಟ್ಟೆಯಲ್ಲಿ ಉಳಿದು ನೀರನ್ನು ಇನ್ನಷ್ಟು ಎಳೆಯುತ್ತದೆ. ಬಟ್ಟೆ ಮೆದು ಮಾಡುವ ಕಂಡೀಷನರ್ ಅಂತೂ ಹತ್ತಿರವೂ ಸುಳಿಯಬಾರದು. ಜಾಕೆಟ್ಟಿಗೆ ಅಂತಲೇ ಬರುವ ದ್ರವ ಸೋಪು ಟ್ರೆಕ್ಕಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಬಣ್ಣ-ಸುವಾಸನೆ ಇಲ್ಲದ ಮೆದು ದ್ರವ ಸೋಪು ಸ್ವಲ್ಪ ಬಳಸಿ, ಎರಡು ಮೂರು ಸಲ ಚೆನ್ನಾಗಿ ಜಾಲಿಸಿ. ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಬಿಸಿ ಕೊಟ್ಟರೆ ಲೇಪ ಮತ್ತೆ ಎಚ್ಚರಗೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಡ್ರೈಯರ್ ಕಡಿಮೆ. ಮೇಲೆ ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಯಲ್ಲಿ ಓಡಿಸಿದರೂ ಆಯಿತು. ಒಳಗಿನ ಲೇಬಲ್‌ನಲ್ಲಿ ಇಸ್ತ್ರಿ ಚಿತ್ರಕ್ಕೆ ಅಡ್ಡಗೆರೆ ಇದ್ದರೆ ಬೇಡ. ಪಿವಿಸಿ ರೈನ್‌ಕೋಟಿಗೆ ಇಸ್ತ್ರಿ ತಾಗಿಸಿದರೆ ಪೆಟ್ಟಿಗೆಗೂ ಕೋಟಿಗೂ ಕೊನೆ. ಇಷ್ಟೆಲ್ಲ ಮಾಡಿದರೂ ನೀರು ಉರುಳದಿದ್ದರೆ ಮಾತ್ರ ಹೊಸದಾಗಿ ಲೇಪ ಸಿಂಪಡಿಸುವ ಸ್ಪ್ರೇ ತನ್ನಿ. ಕೊಳೆ ಬಟ್ಟೆಯ ಮೇಲೆ ಸ್ಪ್ರೇ ಹೊಡೆದರೆ ದುಡ್ಡು ನೀರಲ್ಲಿ.

ಈಚೆಗೆ ತಯಾರಾದ ಜಾಕೆಟ್‌ಗಳಲ್ಲಿ ಈ ತೊಂದರೆ ಬೇಗ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಹಳೆಯ ಲೇಪಗಳಲ್ಲಿ ಫ್ಲೋರಿನ್ ರಾಸಾಯನಿಕ ಇತ್ತು. ನೀರನ್ನೂ ಎಣ್ಣೆಯನ್ನೂ ದೂರ ಇಡುತ್ತಿತ್ತು. ಅವು ಮಣ್ಣು-ನೀರಿನಲ್ಲಿ ಕೊಳೆತು ನಾಶವಾಗದೆ ಉಳಿದುಬಿಡುತ್ತವೆ ಅಂತ ಈಗ ಬಿಡುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಬಟ್ಟೆಗಳಲ್ಲಿ ನಿರ್ಬಂಧ ಬಂದಿದೆ. ಹೊಸ ಲೇಪ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ. ತಲೆಗೆ ತೆಂಗಿನೆಣ್ಣೆ ಹಚ್ಚುವವರ ಜಾಕೆಟ್ ಟೋಪಿ ಮತ್ತು ಕಾಲರ್ ಹತ್ತಿರ ಮೊದಲು ನೀರು ಕುಡಿಯುವುದು ಇದರಿಂದಲೇ. ಇಂಬಳಕ್ಕೆ (ಜಿಗಣೆಗೆ) ಅಂತ ಕಾಲಿಗೆ ಹಚ್ಚಿದ ಎಣ್ಣೆ ರೈನ್‌ಪ್ಯಾಂಟಿಗೂ ಅದೇ ಗತಿ ತರುತ್ತದೆ. ಇಂಬಳಕ್ಕೆ ಉಪ್ಪಿನ ಗಂಟು ಸಾಕು.

ಹೊಲಿಗೆ, ಜಿಪ್, ಸಿಪ್ಪೆ ಏಳುವುದು

ಬಾತ್‌ರೂಮ್ ಪರೀಕ್ಷೆಯಲ್ಲಿ ಗೆರೆಯಂತೆ ಕಲೆ ಬಂದಿದ್ದರೆ ಹೊಲಿಗೆ. ಸೂಜಿ ಹೋದಲ್ಲೆಲ್ಲ ತೂತು. ಆ ತೂತಿನ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿರಬೇಕು. ಜಾಕೆಟ್ ತಿರುಗಿಸಿ ನೋಡಿ. ಸುಮಾರು ಎರಡು ಸೆಂಟಿಮೀಟರ್ ಅಗಲದ, ಸ್ವಲ್ಪ ಹೊಳೆಯುವ ಪಟ್ಟಿ ಎಲ್ಲ ಹೊಲಿಗೆಯ ಮೇಲೂ ಇದ್ದರೆ ಸರಿ. ಭುಜ ಮತ್ತು ಟೋಪಿಗೆ ಮಾತ್ರ ಇದ್ದು ಪಕ್ಕೆಯಲ್ಲಿ ಇಲ್ಲದಿದ್ದರೆ ಸಣ್ಣ ಮಳೆಗೆ ಸಾಕು, ಘಟ್ಟದ ಜಡಿಮಳೆಗೆ ಸಾಲದು. ಟೇಪೇ ಇಲ್ಲದಿದ್ದರೆ ನಿಮ್ಮ ಕೈಲಿರುವುದು ವಿಂಡ್‌ಚೀಟರ್, ಅಂದರೆ ಗಾಳಿ ತಡೆಯುವ ಜಾಕೆಟ್. ಅದಕ್ಕೆ ಬೈದು ಪ್ರಯೋಜನವಿಲ್ಲ.

ಟೇಪ್ ಎದ್ದಿದ್ದರೆ, ಹೊಲಿಗೆಯ ತೂತು ಮುಚ್ಚುವ ಸೀಮ್ ಸೀಲರ್ ಅಂತ ಟ್ಯೂಬ್ ಸಿಗುತ್ತದೆ. ಹಳೆಯ ಟೇಪ್ ಕಿತ್ತು, ಸ್ಪಿರಿಟ್ ಹಚ್ಚಿ ಒರೆಸಿ, ತೆಳುವಾಗಿ ಬಳಿದು ಒಂದು ರಾತ್ರಿ ಬಿಡಬೇಕು. ಸಿಲಿಕಾನ್ ಲೇಪದ ಬಟ್ಟೆಗೆ ಸಿಲಿಕಾನ್ ಸೀಲರ್ ಮಾತ್ರ ಹಿಡಿಯುತ್ತದೆ. ಪಾಲಿಯುರೇಥೇನ್ ಬಟ್ಟೆಗೆ ಪಾಲಿಯುರೇಥೇನ್‌ನದ್ದು. ಅದಲುಬದಲು ಮಾಡಿದರೆ ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ.

ಹೊರಗೆ ಹೊಳೆಯುವ ರಬ್ಬರ್ ಜಿಪ್ ನೋಡಿ ಮೋಸ ಹೋಗಬೇಡಿ. ಹೆಚ್ಚಿನವು ನೀರನ್ನು ತಡಮಾಡಿಸುತ್ತವೆ ಅಷ್ಟೇ. ಜಿಪ್ ಹಿಂದೆ ಅಥವಾ ಮುಂದೆ ಬಟ್ಟೆಯ ಮಡಿಕೆ ಇರಬೇಕು.

ಒಳಗಿನ ಬಿಳಿ ಪದರ ಸಿಪ್ಪೆ ಸುಲಿದು ಬೀಳುತ್ತಿದ್ದರೆ, ಮುಟ್ಟಿದರೆ ಅಂಟು ಅಂಟಾಗಿದ್ದು ಹುಳಿ ವಾಸನೆ ಬರುತ್ತಿದ್ದರೆ, ಅದಕ್ಕೆ ಮದ್ದಿಲ್ಲ. ಪಾಲಿಯುರೇಥೇನ್ ತೇವ ಮತ್ತು ಸೆಕೆ ಎರಡೂ ಸೇರಿದಾಗ ನಿಧಾನಕ್ಕೆ ಒಡೆಯುತ್ತದೆ. ಮಳೆಗಾಲದ ಮಲೆನಾಡು ಅದಕ್ಕೆ ಹೇಳಿ ಮಾಡಿಸಿದ ಜಾಗ. ಒದ್ದೆ ಜಾಕೆಟ್ಟನ್ನು ಮಡಚಿ ಕಾರಿನ ಡಿಕ್ಕಿಯಲ್ಲೋ ಬೈಕಿನ ಬಾಕ್ಸ್‌ನಲ್ಲೋ ಇಟ್ಟು ಮರೆತರೆ ಕೆಲವೇ ವರ್ಷಗಳಲ್ಲಿ ಈ ಸ್ಥಿತಿಗೆ ಬರುತ್ತದೆ. ಪೂರ್ತಿ ಒಣಗಿಸಿ, ಹ್ಯಾಂಗರ್‌ಗೆ ತೂಗುಹಾಕಿ, ಗಾಳಿಯಾಡುವ ಕಡೆ ಇಡುವುದೊಂದೇ ಉಪಾಯ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೊದಲು ಮೂಸಿ ನೋಡಿ.

ಬಟ್ಟೆಯೇ ಸೋರುತ್ತಿದೆಯಾ?

ಉಳಿದದ್ದೆಲ್ಲ ಸರಿ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. ಪಾತ್ರೆಯ ತಳಕ್ಕೆ ಟಿಶ್ಯೂ ಹಾಕಿ, ಜಾಕೆಟ್ಟಿನ ಒಂದು ಭಾಗವನ್ನು ಪಾತ್ರೆಯ ಬಾಯಿಗೆ ಬಟ್ಟಲಿನ ಹಾಗೆ ತಗ್ಗಾಗಿ ಕಟ್ಟಿ. ಹೊರಮೈ ಮೇಲೆ ಇರಲಿ. ಆ ತಗ್ಗಿಗೆ ಒಂದು ಲೋಟ ನೀರು ಹಾಕಿ ಅರ್ಧ ಗಂಟೆ ಬಿಡಿ. ಟಿಶ್ಯೂ ಒಣಗಿದ್ದರೆ ಬಟ್ಟೆಗೆ ದೊಡ್ಡ ತೂತಿಲ್ಲ. ಸವೆಯುವ ಜಾಗಗಳನ್ನೇ ಆರಿಸಿ: ಬ್ಯಾಗಿನ ಪಟ್ಟಿಯ ಕೆಳಗೆ, ಸೊಂಟದ ಬೆಲ್ಟ್ ಉಜ್ಜುವಲ್ಲಿ, ಪ್ಯಾಂಟಿನ ಸೀಟು.

ಈಗ ಆ ಮಿ.ಮೀ. ನಂಬರ್. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಹೋದಾಗ ನೀರು ಜಿನುಗುತ್ತದೆ ಅಂತ ಅಳೆಯುತ್ತಾರೆ. 5,000 ಅಂದರೆ ಐದು ಮೀಟರ್ ಎತ್ತರದ ನೀರಿನ ಒತ್ತಡ. ಮಳೆಯ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಹಾಗಂತ 7,000ದ ಜಾಕೆಟ್ ಬೇಕು ಅಂತ ಅಲ್ಲ. ಎರಡೂ ಒಂದೇ ಅಂದುಕೊಂಡವರು ಸಿಗುತ್ತಾರೆ, ಅದಕ್ಕೇ ಹೇಳಿದೆ.

ಬಟ್ಟೆಗೆ ನಿಜವಾಗಿ ಒತ್ತಡ ಬೀಳುವುದು ಮೂರು ಕಡೆ. ಬ್ಯಾಗಿನ ಪಟ್ಟಿಯ ಕೆಳಗೆ, ಒದ್ದೆ ಕಲ್ಲಿನ ಮೇಲೆ ಕೂತಾಗ ಅಥವಾ ಮಂಡಿಯೂರಿದಾಗ, ಮತ್ತು ಬೈಕಿನಲ್ಲಿ. ದೊಡ್ಡ ಮಳೆಹನಿ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಬೀಳುತ್ತದೆ. ನೀವು 60ರಲ್ಲಿ ಎದುರು ಹೋದರೆ ಹನಿ ನಿಮ್ಮ ಎದೆಗೆ ಹೊಡೆಯುವ ವೇಗ ಅದರ ಎರಡು ಪಟ್ಟಿಗೂ ಜಾಸ್ತಿ. ವೇಗ ಎರಡು ಪಟ್ಟಾದರೆ ಹೊಡೆತದ ಒತ್ತಡ ನಾಲ್ಕು ಪಟ್ಟು. ನಡೆಯುವಾಗ ಒಣಗಿರುವ ಜಾಕೆಟ್ ಬೈಕಿನಲ್ಲಿ ಎದೆಯ ಹತ್ತಿರ ಸೋರುವುದಕ್ಕೆ ಇದು ಸಾಕು. ನಂಬರ್ ನೋಡಿ ತಗೊಳ್ಳುವುದು ಅರ್ಥಪೂರ್ಣ ಆಗುವುದು ಬೈಕಿನವರಿಗೆ ಮತ್ತು ಭಾರದ ಬ್ಯಾಗ್ ಹೊರುವವರಿಗೆ. ಅವರಿಗೆ 10,000ದ ಮೇಲೆ ಇರಲಿ.

ಹವೆ ನೋಡಿ ಆರಿಸುವುದು

ಸಿರ್ಸಿ, ಆಗುಂಬೆ, ಮಡಿಕೇರಿ ಕಡೆಯ ಕಾಡುದಾರಿಗೆ ಮೇಲೆ ಹೇಳಿದ ಹಾಗೆ ಪಾಂಚೋ ಅಥವಾ ಛತ್ರಿ. ಬ್ಯಾಗನ್ನೂ ಸೇರಿಸಿ ಮುಚ್ಚುವ ಪಾಂಚೋ ಆದರೆ ಭುಜದ ಪಟ್ಟಿಯ ತೊಂದರೆಯೂ ತಪ್ಪುತ್ತದೆ. ಬ್ಯಾಗಿಗೆ ಬರುವ ಮಳೆ ಕವರ್ ಬೆನ್ನಿಗೆ ತಾಗುವ ಭಾಗವನ್ನು ಮುಚ್ಚುವುದಿಲ್ಲ. ನೀರು ಅಲ್ಲಿಂದಲೇ ಇಳಿಯುತ್ತದೆ. ಒಣ ಬಟ್ಟೆಯನ್ನು ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಮುಳ್ಳಯ್ಯನಗಿರಿ, ಕುದುರೆಮುಖದಂಥ ಬೋಳು ನೆತ್ತಿಗಳಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. 1,900 ಮೀಟರ್ ಎತ್ತರ, ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಛತ್ರಿ ಮುರಿಯುತ್ತದೆ, ಪಾಂಚೋ ಮುಖಕ್ಕೆ ಬಡಿಯುತ್ತದೆ. ಇಲ್ಲಿ ಬೇಕಾದದ್ದು ಮೈಗೆ ಹೊಂದುವ ಜಾಕೆಟ್. ಟೋಪಿಯನ್ನು ಹಿಂದಿನಿಂದ ಬಿಗಿಯುವ ದಾರ ಇರಬೇಕು. ಕೆಳ ಅಂಚಿಗೂ ದಾರ ಇರಬೇಕು. ಕೊಂಚ ಬೆವರಿದರೂ ಪರವಾಗಿಲ್ಲ. ಒದ್ದೆ ಮೈ, ಬೀಸುಗಾಳಿ, ದಣಿವು ಮೂರೂ ಸೇರಿದರೆ 15 ಡಿಗ್ರಿಯಲ್ಲೂ ಮೈ ಶಾಖ ಇಳಿದು ಜೀವಕ್ಕೆ ಕುತ್ತು ಬರಬಹುದು. ನಡುಕ ಶುರುವಾಗಿ ಮಾತು ತೊದಲತೊಡಗಿದರೆ ಆ ವ್ಯಕ್ತಿಯನ್ನು ಗಾಳಿಗೆ ಮರೆಯಾಗಿಸಿ ಒಣ ಬಟ್ಟೆ ಹಾಕಿಸಿ, ನೆತ್ತಿ ಮುಟ್ಟುವ ಆಸೆ ಬಿಟ್ಟು ಇಳಿಯಿರಿ.

ಬೆಂಗಳೂರಿನ ಸಂಜೆ ಮಳೆಗೆ ಬೈಕಿನವರು ಉಸಿರಾಡುವ ಬಟ್ಟೆಗೆ ದುಡ್ಡು ಸುರಿಯಬೇಕಿಲ್ಲ. ಕೂತೇ ಇರುತ್ತೀರಿ, ಬೆವರು ಕಡಿಮೆ. ಪಿವಿಸಿ ಅಥವಾ ದಪ್ಪ ಲೇಪದ ಎರಡು ತುಂಡಿನ ರೈನ್‌ಸೂಟ್ ಸಾಕು. ನೋಡಬೇಕಾದದ್ದು ಬೇರೆ. ಕಾಲರ್ ಹೆಲ್ಮೆಟ್ಟಿನ ಅಂಚಿನವರೆಗೆ ಬರುತ್ತದೆಯಾ? ಟೋಪಿಯನ್ನು ಹೊರಗೆ ಜೋತುಬಿಟ್ಟರೆ ಅದರಲ್ಲಿ ನೀರು ತುಂಬಿ ಸಿಗ್ನಲ್‌ನಲ್ಲಿ ತಲೆ ಬಗ್ಗಿಸಿದಾಗ ಬೆನ್ನಿಗೆ ಸುರಿಯುತ್ತದೆ, ಅದನ್ನು ಸುತ್ತಿ ಒಳಗಿಡಿ ಅಥವಾ ಬಿಚ್ಚಿ ತೆಗೆಯಿರಿ. ಪ್ಯಾಂಟಿನ ತೊಡೆಸಂದಿನ ಹೊಲಿಗೆ ಎಲ್ಲಕ್ಕಿಂತ ಬೇಗ ಹೋಗುವ ಜಾಗ. ಮಡಿಲಲ್ಲಿ ನಿಂತ ನೀರಿನ ಒತ್ತಡ ಅಲ್ಲೇ ಬೀಳುತ್ತದೆ. ಅಲ್ಲಿ ಒಂದೇ ತುಂಡು ಬಟ್ಟೆ ಹಾಕಿ ಹೊಲಿಗೆಯನ್ನು ಪಕ್ಕಕ್ಕೆ ಸರಿಸಿದ ಪ್ಯಾಂಟ್ ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟರೂ ಸರಿ. ಕಪ್ಪು ಬಣ್ಣ ಬೇಡ. ಮಳೆಯ ಕತ್ತಲಲ್ಲಿ ಹಿಂದಿನ ಬಸ್ಸಿನ ಡ್ರೈವರ್‌ಗೆ ನೀವು ಕಾಣಬೇಕು.

ಹಿಮಾಲಯದ ಟ್ರೆಕ್‌ಗೆ, ಅಥವಾ ಮಗಳು ಓದಲು ಐರ್ಲೆಂಡೋ ಸ್ಕಾಟ್ಲೆಂಡೋ ಕಡೆ ಹೊರಟಿದ್ದರೆ, ಪೊರೆಯ ಜಾಕೆಟ್ಟಿಗೆ ಧಾರಾಳವಾಗಿ ಖರ್ಚು ಮಾಡಿ. ಅದು ಹುಟ್ಟಿದ್ದೇ ಆ ಹವೆಗೆ. ಒಳಗೆ ಒಂದು ಬೆಚ್ಚನೆಯ ಫ್ಲೀಸ್ ಅಂಗಿ ಹಿಡಿಸುವಷ್ಟು ಸಡಿಲ ಇರಲಿ.

ಅಂಗಡಿಯಲ್ಲಿ ಕಾಸು ಕೊಡುವ ಮೊದಲು ಜಾಕೆಟ್ ಹಾಕಿ, ಎರಡೂ ಕೈ ಪೂರ್ತಿ ಮೇಲೆತ್ತಿ. ಕೆಳ ಅಂಚು ಸೊಂಟದ ಮೇಲೆ ಏರಿದರೆ ಗಿಡ್ಡ. ತೋಳು ಮಣಿಕಟ್ಟು ಬಿಟ್ಟು ಹಿಂದೆ ಸರಿದರೂ ಗಿಡ್ಡ. ಟೋಪಿ ಹಾಕಿ ತಲೆಯನ್ನು ಪಕ್ಕಕ್ಕೆ ತಿರುಗಿಸಿ. ಟೋಪಿ ತಲೆಯ ಜೊತೆ ತಿರುಗಬೇಕು, ಕಣ್ಣಿಗೆ ಅಡ್ಡ ಬರಬಾರದು. ಬೈಕಿನವರು ಒಂದು ಸ್ಟೂಲ್ ಕೇಳಿ ಅದರ ಮೇಲೆ ಕೂತು ಕೈ ಮುಂದೆ ಚಾಚಿ ನೋಡಿ. ಆಮೇಲೆ ಒಳಗಡೆ ತಿರುಗಿಸಿ ಟೇಪ್ ಎಲ್ಲೆಲ್ಲಿ ಇದೆ ಅಂತ ಬೆರಳಿಟ್ಟು ಎಣಿಸಿ. ಮಿ.ಮೀ. ಲೇಬಲ್ ಓದುವುದು ಇದೆಲ್ಲ ಆದ ಮೇಲೆ.